ಮೂರರಿಂದ ಐದಕ್ಕೆ

ಪುಂತಾ ಅರೇನಸ್, ರಾತ್ರಿ ಏಳೂವರೆ.
ಗಾಳಿ ತಗಡಿನ ಮಾಡನ್ನು ಉಗುರಿನಲ್ಲಿ ಕೆರೆಯುತ್ತಿದೆ.
ಒಲೆಯ ಮೇಲೆ ಕೆಟಲು, ತೊಡೆಯ ಮೇಲೆ ಲ್ಯಾಪ್‌ಟಾಪು.
ಕೂತಲ್ಲೇ ನಾನು ಪುಯೆರ್ತೋ ವಿಲಿಯಮ್ಸ್‌ನ ಸಭಾಭವನದಲ್ಲಿದ್ದೇನೆ:
ಹಡಗಿಗೆ ಒಂದೂವರೆ ದಿನದ ದಾರಿ,
ನನ್ನ ಬೆರಳಿಗೆ ಎವೆ ಬಡಿಯುವಷ್ಟು.

ಅಲ್ಲಿ ವೇದಿಕೆಯ ಹಿಂದೆ, ಪೊರಕೆ ಬಕೆಟ್ಟುಗಳ ಪಕ್ಕ
ಕಬ್ಬಿಣದ ಕಪಾಟಿನಲ್ಲಿ ಕಪ್ಪು ಪೆಟ್ಟಿಗೆ.
ಎಂಟು ಒಳದಾರಿ, ಎಂಟು ಹೊರದಾರಿ,
ಚದುರಂಗದ ಮಣೆಯ ಹಾಗೆ ಅರವತ್ತನಾಲ್ಕು ಮನೆ.
ಯಾರ ಮುಖ ಯಾವ ಪರದೆಗೆ, ಯಾರ ದನಿ ಯಾರ ಕಿವಿಗೆ,
ಅದಕ್ಕೆ ಗೊತ್ತಿಲ್ಲ. ನಾನು ಹೇಳಬೇಕು.
ಮೂರರಿಂದ ಐದಕ್ಕೆ ಅಂತ ಒತ್ತಿದರೆ
ಓಕೆ ಅನ್ನುತ್ತದೆ.
ಒಂಬತ್ತು ವರ್ಷದಲ್ಲಿ ಅದು ನನ್ನೊಡನೆ ಆಡಿದ ಮಾತು ಅಷ್ಟೇ.
ನಾನು ತಪ್ಪಿದರೆ, ಎರರ್ ಹದಿಮೂರು.

ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ:
ಒಂದು ಮುಖವನ್ನು ಎಂಟು ಪರದೆಗೂ ಹಂಚು, ಸವೆಯುವುದಿಲ್ಲ.
ಒಂದು ಪರದೆ ಮಾತ್ರ ಎರಡು ಮುಖ ತಾಳದು.
ಹೊಸದು ಬಂತೋ, ಹಳೆಯದು ಹೋಯಿತು,
ಜಗಳವಿಲ್ಲ, ಬೀಳ್ಕೊಡುಗೆಯಿಲ್ಲ.

ಇವತ್ತು ಸಭೆ. ಏಡಿ ಕಾರ್ಖಾನೆ ಮುಚ್ಚುವ ವಿಚಾರ.
ಮೂರನೇ ಕ್ಯಾಮೆರಾದ ಮುಂದೆ ಎದುವಿನಾ ಓಯಾರ್ಸೋ,
ಇಪ್ಪತ್ತಾರು ವರ್ಷ ಸೆಂತೋಯಾ ಏಡಿಯ ಕಾಲು ಬಿಡಿಸಿ ಬಿಡಿಸಿ
ಹೆಬ್ಬೆಟ್ಟಿನ ಗೆರೆಗಳೇ ಅಳಿಸಿಹೋದವಳು.
ಏಡಿ ಹಿಡಿಯುವ ಹಾಗೆ, ಹಿಂದಿನಿಂದ,
ಮೈಕು ಹಿಡಿದು ಶುರುಮಾಡಿದಳು.
ಐದನೇ ಪರದೆ ಅಲ್ಲಿಲ್ಲ. ಇಲ್ಲಿದೆ, ನನ್ನ ಮನೆಯಿಂದ ನಾಲ್ಕು ಬೀದಿ ಆಚೆ,
ಕೌನ್ಸಿಲ್ಲಿನ ಬೆಚ್ಚನೆ ಕೋಣೆಯಲ್ಲಿ.

ಫೋನು. ಕಾರ್ಯದರ್ಶಿ ಮಾನ್ಸಿಯಾ, ಮೆಲ್ಲಗೆ:
"ಐದಕ್ಕೆ ಕಂಪನಿಯ ಸ್ಲೈಡು ಹಾಕಪ್ಪ. ದನಿಯೂ ಅದರದೇ ಇರಲಿ.
ಆಕೆ ಮುಗಿಸಿಕೊಳ್ಳಲಿ ಪಾಪ, ಅಲ್ಲೇ ಅವರ ಸ್ಪೀಕರಿನಲ್ಲಿ."
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ;
ಈ ಪೂಜಾರಿಗೆ ತಿಂಗಳ ಸಂಬಳ.
ಆರರಿಂದ ಐದಕ್ಕೆ.
ಓಕೆ.

ಪ್ರಿವ್ಯೂ ಕಿಟಕಿಯಲ್ಲಿ, ಅಂಚೆ ಚೀಟಿಯಷ್ಟಗಲ,
ಅವಳು ಮಾತಾಡುತ್ತಲೇ ಇದ್ದಳು
ಕೌನ್ಸಿಲ್ಲಿನ ಕಣ್ಣೆಂದುಕೊಂಡು, ನನ್ನ ಕಣ್ಣು ನೋಡಿ.
ಐಸಿನ ಲೆಕ್ಕ, ಪಾಳಿಯ ಲೆಕ್ಕ,
ಪಾಳಿಯ ನಡುವೆಯೇ ಹೆತ್ತ ಇನೆಲ್ದಾಳ ಕತೆ;
ಭವನ ನಕ್ಕಿತು, ಆಮೇಲೆ ಯಾಕೋ ಸುಮ್ಮನಾಯಿತು.
ಹನ್ನೊಂದು ನಿಮಿಷ.
ಕೆಟಲು ಕೂಗಿ ಕೂಗಿ ಬತ್ತಿತು.

ನಾನೇನೂ ಮಾಡಲಿಲ್ಲವೇ? ಮಾಡಿದೆ, ತಡವಾಗಿ.
ಎರರ್ ಹದಿಮೂರು.
ಗಡಿಬಿಡಿಯಲ್ಲಿ ಐದರ ಬದಲು ಒಂಬತ್ತು ಒತ್ತಿದ್ದೆ,
ಇಲ್ಲದ ಬಾಗಿಲಿಗೆ ಅವಳನ್ನು ಕಳಿಸಹೊರಟಿದ್ದೆ.
ಮತ್ತೆ ಒತ್ತಿದೆ. ಓಕೆ.
ಪೆಟ್ಟಿಗೆ ಪರದೆಯ ಕುಲಗೋತ್ರ ವಿಚಾರಿಸಿ,
ಎರಡು ಸೆಕೆಂಡು ಕತ್ತಲೆಯಾಗಿ, ಬೆಳಕಾಯಿತು.
ಕೌನ್ಸಿಲ್ಲಿಗೆ ತಲುಪಿದ್ದು ಅವಳ ಕೊನೆಯ ಮಾತು:
"ಇಷ್ಟೇ. ಕೇಳಿಸಿಕೊಂಡಿರಿ, ಉಪಕಾರವಾಯಿತು."

ಅವರು ಚಪ್ಪಾಳೆ ತಟ್ಟಿದರು.

ಎರಡನೇ ದಾರಿಯಲ್ಲಿ ಆ ಸದ್ದು ಭವನ ಮುಟ್ಟಿತು,
ಅವಳ ಮುಖ ಅರಳಿತು.
ಹೇಳಬೇಕೆನಿಸಿತು: ಅಮ್ಮಾ, ಕೇಳಿಸಿಕೊಂಡವನು ನಾನೊಬ್ಬ,
ಈ ಅಡುಗೆಮನೆಯಲ್ಲಿ, ತೂತು ಬಿದ್ದ ಸ್ವೆಟರಿನಲ್ಲಿ.
ಹೇಳುವುದೆಲ್ಲಿಂದ? ಎಂಟು ಒಳದಾರಿ, ಎಂಟಕ್ಕೂ ಒಡೆಯರಿದ್ದಾರೆ.
ನನ್ನ ದನಿಗೊಂದು ತೂತು ಆ ಪೆಟ್ಟಿಗೆಗೆ ಯಾರೂ ಕೊರೆದಿಲ್ಲ.

ದಾಖಲೆ ಬರೆದೆ.
೧೯:೫೨, ಆರರಿಂದ ಐದಕ್ಕೆ, ಬಾಯಿಮಾತಿನ ಆಜ್ಞೆ.
೨೦:೦೩, ಮೂರರಿಂದ ಐದಕ್ಕೆ, ಆಜ್ಞೆಯಿಲ್ಲ.
ನಾಳೆ ಮಾನ್ಸಿಯಾ ಎರಡನ್ನೂ ಅಳಿಸು ಅಂದಾನು.

ಈಗ ಕೆಟಲಿನ ತಳ ಉಜ್ಜುತ್ತಿದ್ದೇನೆ.
ಸೀದ ಕಪ್ಪು, ಹೋಗುತ್ತಿಲ್ಲ.